ನಡುಚಕ್ರಕ್ಕೆ ಹೊಸ ಟಯರ್, ಬದಿಚಕ್ರಗಳಿಗೆ ಹೊಸ ಮಟ್ಟ: ದಾವಣಗೆರೆಯ ಒಂದು ಸ್ಕೂಟರ್ ಪ್ರಕರಣ

ಗಾಡಿ 110 ಸಿಸಿಯ ಹೋಂಡಾ ಆಕ್ಟಿವಾ. ಹಿಂದಿನ ಚಕ್ರದ ಎಡಕ್ಕೊಂದು ಬಲಕ್ಕೊಂದು ಹೆಚ್ಚುವರಿ ಚಕ್ರ ಜೋಡಿಸಿ, ಕಾಲಿಗೆ ಶಕ್ತಿ ಇಲ್ಲದವರು ಓಡಿಸುವಂತೆ ಮಾರ್ಪಡಿಸಿದ್ದು. ಎಣಿಸಿದರೆ ಚಕ್ರ ನಾಲ್ಕಾಗುತ್ತವೆ, ಆದರೆ ನಮ್ಮೂರಲ್ಲಿ ಎಲ್ಲರೂ ಇದನ್ನು ಮೂರು ಚಕ್ರದ ಗಾಡಿ ಎಂದೋ ಸೈಡ್ ವೀಲ್ ಗಾಡಿ ಎಂದೋ ಕರೆಯುತ್ತಾರೆ. ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಯೋಜನೆಯಲ್ಲಿ ಬಂದ ಇಂಥ ಸ್ಕೂಟರ್‌ಗಳು ದಾವಣಗೆರೆ, ಹರಿಹರ, ಚಿತ್ರದುರ್ಗದ ಬೀದಿಗಳಲ್ಲಿ ದಿನವೂ ಕಣ್ಣಿಗೆ ಬೀಳುತ್ತವೆ. ಸ್ವಂತ ದುಡ್ಡಲ್ಲಿ ಮಾಡಿಸಿಕೊಂಡವರೂ ಇದ್ದಾರೆ.

ಗಾಡಿಯ ಒಡತಿ ನಿಟುವಳ್ಳಿಯ ಒಬ್ಬ ಟೈಲರ್ ಅಕ್ಕ. ಚಿಕ್ಕಂದಿನಲ್ಲೇ ಪೋಲಿಯೊ ಬಂದು ಬಲಗಾಲು ಸೋತಿದೆ, ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್ ಹಾಕಿಕೊಂಡು ಒಂದು ಕೋಲಿನ ಆಸರೆಯಲ್ಲಿ ನಡೆಯುತ್ತಾರೆ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಲೈನಿಂಗ್ ಬಟ್ಟೆ, ಫಾಲ್ಸ್, ಗುಂಡಿ ತರಲು ಚೌಕಿಪೇಟೆಗೆ ಹೋಗಬೇಕು, ಹೊಲಿದ ರವಿಕೆಗಳನ್ನು ಗಿರಾಕಿಗಳ ಮನೆಗೆ ಮುಟ್ಟಿಸಬೇಕು. ಗಾಡಿ ಒಂದು ದಿನ ನಿಂತರೆ ಆ ದಿನದ ದುಡಿಮೆಯೂ ನಿಂತಂತೆ. ಈ ಪ್ರಕರಣದಲ್ಲಿ ನಾವು ತೆಗೆದುಕೊಂಡ ಎಲ್ಲ ತೀರ್ಮಾನಗಳ ಹಿಂದೆ ಈ ಸಂಗತಿ ಇದೆ. ನಾನು ಐಟಿಐ ಓದಿ ಗ್ಯಾರೇಜಿನಲ್ಲಿ ಪಳಗಿದವನು, ಈಗ ಇಂಥ ಗಾಡಿಗಳ ಕೆಲಸವನ್ನು ಅವರವರ ಮನೆಗೇ ಹೋಗಿ ಮಾಡಿಕೊಡುತ್ತೇನೆ.

ದೂರು ಏನಿತ್ತು

ಮಳೆಗಾಲ ಹಿಡಿದ ಮೇಲೆ ಶುರುವಾದ ತೊಂದರೆ. ರಸ್ತೆಯಿಂದ ಮನೆಯ ಅಂಗಳಕ್ಕೆ ಹತ್ತಲು ಸಿಮೆಂಟಿನ ಸಣ್ಣ ಇಳಿಜಾರು ಕಟ್ಟಿಸಿಕೊಂಡಿದ್ದಾರೆ. ಒಣಗಿದ್ದಾಗ ಗಾಡಿ ಸಲೀಸಾಗಿ ಹತ್ತುತ್ತಿತ್ತು. ನೆಲ ಒದ್ದೆಯಾದರೆ ಎಕ್ಸಲರೇಟರ್ ಎಷ್ಟು ತಿರುವಿದರೂ ಹಿಂದಿನ ಚಕ್ರ ನಿಂತಲ್ಲೇ ಗರಗರ ತಿರುಗುತ್ತಿತ್ತು, ಗಾಡಿ ಮಾತ್ರ ಕದಲುತ್ತಿರಲಿಲ್ಲ. ರೈಲ್ವೆ ಅಂಡರ್‌ಪಾಸ್‌ನ ಏರಿನಲ್ಲೂ ಒಮ್ಮೆ ಹಾಗೇ ಆಗಿ, ಹಿಂದೆ ಬರುತ್ತಿದ್ದ ಹುಡುಗರು ಇಳಿದು ತಳ್ಳಿದ್ದರು. ಜೊತೆಗೆ ಬ್ರೇಕ್ ಹಿಡಿದರೆ ಹಿಂಬದಿ ಸರ್ರನೆ ಜಾರುತ್ತದೆ ಎಂಬ ಇನ್ನೊಂದು ದೂರು.

"ಬೆಲ್ಟ್ ಹೋಗೈತಿ ಅಂದ್ರು ತಮ್ಮಾ, ಬೆಲ್ಟು ರೋಲರು ಎಲ್ಲಾ ಹೊಸಾದು ಹಾಕಿಸ್ದೆ. ಆದ್ರೂ ಹಂಗೇ ಐತಿ," ಎಂದರು ಅಕ್ಕ. ಊರಿನ ಒಂದು ಗ್ಯಾರೇಜಿನವರು ಗಾಡಿಯ ಶಬ್ದ ಕೇಳಿದಷ್ಟಕ್ಕೇ ಬೆಲ್ಟ್ ಬದಲಿಸಿ ಕಳಿಸಿದ್ದರು. ಎಂಜಿನ್‌ನ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವುದು ಈ ಬೆಲ್ಟ್. ಅದು ಜಾರುತ್ತಿದ್ದರೆ ಎಂಜಿನ್ ಕೂಗುತ್ತದೆ, ಚಕ್ರ ತಿರುಗುವುದಿಲ್ಲ. ಇಲ್ಲಿ ಚಕ್ರ ಚೆನ್ನಾಗಿಯೇ ತಿರುಗುತ್ತಿತ್ತು. ನೆಲವನ್ನು ಕಚ್ಚುತ್ತಿರಲಿಲ್ಲ, ಅಷ್ಟೇ. ಇಷ್ಟನ್ನು ಬಗ್ಗಿ ಒಮ್ಮೆ ನೋಡಿದ್ದರೆ ಅಕ್ಕನ ದುಡ್ಡು ಉಳಿಯುತ್ತಿತ್ತು.

ನೋಡಿದಾಗ ಕಂಡದ್ದು

ನಡುಚಕ್ರದ, ಅಂದರೆ ಎರಡು ಬದಿಚಕ್ರಗಳ ನಡುವೆ ಇರುವ ಸ್ಕೂಟರಿನ ಹಿಂದಿನ ಚಕ್ರದ, ಟಯರ್ ಮಧ್ಯಭಾಗದಲ್ಲಿ ಚಪ್ಪಟೆಯಾಗಿ ಬೋಳಾಗಿತ್ತು. ಸಾಮಾನ್ಯ ಸ್ಕೂಟರ್ ತಿರುವಿನಲ್ಲಿ ವಾಲುತ್ತದೆ, ಆದ್ದರಿಂದ ಟಯರಿನ ಬೆನ್ನು ದುಂಡಗೇ ಸವೆಯುತ್ತದೆ. ಸೈಡ್ ವೀಲ್ ಗಾಡಿ ವಾಲುವ ಹಾಗಿಲ್ಲ. ನೇರ ನಿಂತೇ ತಿರುಗಬೇಕು, ಹಾಗಾಗಿ ಮಧ್ಯದ ಪಟ್ಟಿ ಮಾತ್ರ ಸವೆಯುತ್ತದೆ, ಅಂಚಿನ ಗೆರೆಗಳು ಹೊಸದರಂತೆ ಉಳಿದಿರುತ್ತವೆ. ಪಕ್ಕದಿಂದ ನೋಡಿದವರಿಗೆ ಟಯರ್ ಇನ್ನೂ ಓಡುತ್ತದೆ ಎಂದೇ ಅನಿಸುತ್ತದೆ. ಹಿಂದಿನಿಂದ, ನೆಲದ ಮಟ್ಟಕ್ಕೆ ತಲೆ ತಗ್ಗಿಸಿ ನೋಡಬೇಕು. ಟಯರಿನ ಗೋಡೆಯ ಮೇಲೆ ಟಿಡಬ್ಲ್ಯುಐ ಎಂಬ ಅಕ್ಷರವೋ ಸಣ್ಣ ತ್ರಿಕೋನವೋ ಇರುವ ಕಡೆ, ಅದರ ನೇರಕ್ಕೆ ಗೆರೆಗಳ ತಳದಲ್ಲಿ ರಬ್ಬರಿನ ಸಣ್ಣ ದಿಣ್ಣೆ ಇರುತ್ತದೆ. ಟಯರ್ ಆ ದಿಣ್ಣೆಯ ಮಟ್ಟಕ್ಕೆ ಸವೆದರೆ ಅದರ ಆಯುಸ್ಸು ಮುಗಿಯಿತು. ಕೇಂದ್ರ ಮೋಟಾರು ವಾಹನ ನಿಯಮಗಳು ದ್ವಿಚಕ್ರ, ತ್ರಿಚಕ್ರ ವಾಹನಗಳಿಗೆ ಹೇಳುವ ಕನಿಷ್ಠ ಆಳ 0.8 ಮಿ.ಮೀ. ಅಕ್ಕನ ಗಾಡಿಯಲ್ಲಿ ನಡುಪಟ್ಟಿಯ ಆಳ ಹೆಚ್ಚೆಂದರೆ 1 ಮಿ.ಮೀ. ಇತ್ತು, ಒಂದೆರಡು ಕಡೆ ದಿಣ್ಣೆಗೇ ತಾಗಿತ್ತು. ನಮ್ಮ ಕಡೆಯ ಎರೆಮಣ್ಣು ಮಳೆಯಲ್ಲಿ ಮೆತ್ತಿಕೊಂಡರೆ ಅಷ್ಟು ಆಳ ಇದ್ದೂ ಇಲ್ಲದಂತೆಯೇ.

ಟಯರ್ ಬದಲಿಸಬೇಕು ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಆದರೆ ಬದಿಚಕ್ರಗಳ ಟಯರ್‌ಗಳನ್ನು ನೋಡಿದಾಗ ಬೇರೊಂದು ಪ್ರಶ್ನೆ ಎದ್ದಿತು. ಅವುಗಳಿಗೆ ಎಂಜಿನ್‌ನ ಶಕ್ತಿ ಹೋಗುವುದಿಲ್ಲ, ಬ್ರೇಕೂ ಇಲ್ಲ. ಗಾಡಿ ಬೀಳದಂತೆ ಆನಿಸಿಕೊಂಡು ಸುಮ್ಮನೆ ಉರುಳುವುದಷ್ಟೇ ಅವುಗಳ ಕೆಲಸ. ಹಾಗಿದ್ದ ಮೇಲೆ ಅವು ಇಷ್ಟು ಸವೆದದ್ದೇಕೆ, ಅದರಲ್ಲೂ ಬಲಗಡೆಯದು ಎಡಕ್ಕಿಂತ ಹೆಚ್ಚಾಗಿ? ಭಾರ ಅವುಗಳ ಮೇಲೆ ಕೂತಿದೆ ಎಂದೇ ಅರ್ಥ.

ಅದನ್ನು ಖಚಿತ ಮಾಡಿಕೊಳ್ಳಲು ಪಕ್ಕದ ಮನೆಯವರ ಹತ್ತಿರ ಮನುಷ್ಯರು ನಿಂತು ತೂಕ ನೋಡಿಕೊಳ್ಳುವ ಯಂತ್ರ ಕೇಳಿ ತಂದೆವು. ಅಂಗಳದ ಸಮತಟ್ಟಾದ ಜಾಗದಲ್ಲಿ ನಡುಚಕ್ರದ ಕೆಳಗೆ ಆ ಯಂತ್ರ, ಉಳಿದ ಮೂರು ಚಕ್ರಗಳ ಕೆಳಗೆ ಅದರಷ್ಟೇ ದಪ್ಪದ ಹಲಗೆ. ಅಕ್ಕ ಎಂದಿನಂತೆ ಕೂತರು. ನಡುಚಕ್ರದ ಮೇಲೆ 48 ಕೆ.ಜಿ. ತೋರಿಸಿತು. ಯಂತ್ರವನ್ನು ಬದಿಗೆ ಸರಿಸಿ ನೋಡಿದರೆ ಎಡಚಕ್ರಕ್ಕೆ 31, ಬಲಚಕ್ರಕ್ಕೆ 38. ಗಾಡಿಯನ್ನು ಎಳೆಯುವ, ಹಿಂದಿನ ಬ್ರೇಕ್ ಇರುವ ಏಕೈಕ ಚಕ್ರಕ್ಕಿಂತ ಬರೀ ಉರುಳುವ ಎರಡು ಚಕ್ರಗಳು ಹೆಚ್ಚು ಭಾರ ಹೊತ್ತಿದ್ದವು. ಒದ್ದೆ ಸಿಮೆಂಟಿನ ಮೇಲೆ ಅದು ತಿರುಗಿದಲ್ಲೇ ತಿರುಗಿದ್ದಕ್ಕೂ, ಬ್ರೇಕ್ ಹಿಡಿದಾಗ ಜಾರಿದ್ದಕ್ಕೂ ಕಾರಣ ಇಲ್ಲೇ ಇತ್ತು.

ಹೀಗಾದದ್ದು ಹೇಗೆ

ಈ ಗಾಡಿಯ ಬದಿಚಕ್ರಗಳಿಗೆ ಸ್ವಂತ ಶಾಕ್ ಅಬ್ಸಾರ್ಬರ್ ಇಲ್ಲ. ಚಾಸಿಗೆ ಅಡ್ಡಲಾಗಿ ಬಿಗಿದ ಕಬ್ಬಿಣದ ಪೈಪು, ಅದರ ಎರಡು ತುದಿಗೂ ಒಂದೊಂದು ದಪ್ಪ ಪಟ್ಟಿ, ಪಟ್ಟಿಯಲ್ಲಿ ಉದ್ದುದ್ದ ತೂತು, ಆ ತೂತಿನಲ್ಲಿ ಬೋಲ್ಟ್ ಹಾಕಿ ಬಿಗಿದ ಚಕ್ರ. ಬೋಲ್ಟ್ ಸಡಿಲಿಸಿದರೆ ಚಕ್ರವನ್ನು ಮೇಲೆ ಕೆಳಗೆ ಸರಿಸಬಹುದು. ನಡುಚಕ್ರ ಮಾತ್ರ ಎಂಜಿನ್ ಜೊತೆಗೇ ಶಾಕ್ ಮೇಲೆ ಏರಿಳಿಯುತ್ತದೆ.

ಮೊದಲು ಜೋಡಿಸಿದವರು ಗಾಡಿಯನ್ನು ಖಾಲಿ ನಿಲ್ಲಿಸಿಕೊಂಡು, ಹಿಂದಿನ ಮೂರೂ ಚಕ್ರ ನೆಲಕ್ಕೆ ತಾಗುವಂತೆ ಮಟ್ಟ ಮಾಡಿ ಬೋಲ್ಟ್ ಬಿಗಿದಿರಬೇಕು. ನೋಡಲು ಚೆಂದವಾಗಿಯೇ ಇರುತ್ತದೆ. ಆದರೆ ಸವಾರರು ಕೂತ ಕೂಡಲೇ ಶಾಕ್ ಕುಗ್ಗಿ ಚಾಸಿ ಕೆಳಗಿಳಿಯುತ್ತದೆ, ಚಾಸಿಯ ಜೊತೆಗೆ ಬದಿಚಕ್ರಗಳೂ ಕೆಳಗೆ ಒತ್ತಿ ಭಾರವನ್ನೆಲ್ಲ ತಮ್ಮ ಮೇಲೆ ಎಳೆದುಕೊಳ್ಳುತ್ತವೆ. ಸೋಫಾದ ನಡುಗಾಲು ಗಿಡ್ಡವಾಗಿ ಅಂಚಿನ ಕಾಲುಗಳೇ ಎಲ್ಲ ಹೊತ್ತ ಹಾಗೆ. ಅಲ್ಲಿಂದ ಮುಂದೆ ಅದು ತನ್ನನ್ನೇ ಬೆಳೆಸಿಕೊಳ್ಳುವ ರೋಗ: ಭಾರ ಕಡಿಮೆ ಇರುವ ನಡುಚಕ್ರ ಹೊರಡುವಾಗೆಲ್ಲ ಸ್ವಲ್ಪ ಜಾರುತ್ತದೆ, ಜಾರಿದಷ್ಟೂ ಸವೆಯುತ್ತದೆ, ಸವೆದಷ್ಟೂ ಅದರ ಎತ್ತರ ತಗ್ಗಿ ಭಾರ ಇನ್ನಷ್ಟು ಬದಿಗೆ ಹೋಗುತ್ತದೆ. ಸವೆದ ಟಯರ್ ಈ ತೊಂದರೆಯ ಫಲವೂ ಹೌದು, ಅದನ್ನು ಹೆಚ್ಚಿಸಿದ ಕಾರಣವೂ ಹೌದು.

ಆದ್ದರಿಂದ ಬರೀ ಹೊಸ ಟಯರ್ ಹಾಕಿ ಕೈ ತೊಳೆದುಕೊಂಡರೆ ಕೆಲಸ ಅರ್ಧವಾದ ಹಾಗೆ. ಇಂಥ ಗಾಡಿಯಲ್ಲಿ ಹಿಂದಿನ ಟಯರ್ ಬದಲಿಸುವುದು ಎಂದರೆ ಟಯರ್ ಬದಲಿಸಿ, ಓಡಿಸುವವರನ್ನೇ ಕೂರಿಸಿಕೊಂಡು ಬದಿಚಕ್ರಗಳ ಎತ್ತರವನ್ನು ಮರಳಿ ಕೂರಿಸುವುದು. ಎರಡನೆಯದನ್ನು ಯಾರೂ ಮಾಡಿಕೊಡುತ್ತಿಲ್ಲ ಎಂಬ ಸಂಕಟದಿಂದಲೇ ಇದನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮನೆಯಲ್ಲೇ ಏಕೆ

ಪಂಚರ್ ಅಂಗಡಿಗಳಿಗೆ ಈ ಗಾಡಿ ಬೇಡ. ಸೈಲೆನ್ಸರ್ ಬಿಚ್ಚಬೇಕು, ಸೈಡ್ ವೀಲ್ ಬಿಚ್ಚಬೇಕು, ಅಷ್ಟು ಹೊತ್ತಿನಲ್ಲಿ ನಾಲ್ಕು ಬೈಕಿನ ಪಂಚರ್ ಹಾಕಬಹುದು. "ಸಾಯಂಕಾಲ ಬರ್ರಿ ಅಕ್ಕಾರೆ" ಎಂದು ಸಾಗಹಾಕುತ್ತಾರೆ. ಒಪ್ಪಿದರೂ, ಗಾಡಿ ಬಿಚ್ಚಿದ ಮೇಲೆ ಕ್ಯಾಲಿಪರ್ ಹಾಕಿದ ಹೆಂಗಸು ರಸ್ತೆ ಬದಿಯಲ್ಲಿ ಎಲ್ಲಿ ಕೂರಬೇಕು, ಶೌಚಕ್ಕೆ ಎಲ್ಲಿ ಹೋಗಬೇಕು? ಈ ಗಾಡಿ ಅವರಿಗೆ ಕಾಲಿದ್ದ ಹಾಗೆ. ಅದನ್ನು ಬಿಚ್ಚುವುದಾದರೆ ಅವರ ಮನೆಯಲ್ಲೇ ಬಿಚ್ಚಬೇಕು. ಎತ್ತರ ಹೊಂದಿಸುವ ಹೊತ್ತಿಗೆ ಅವರು ಮತ್ತೆ ಮತ್ತೆ ಹತ್ತಿ ಇಳಿಯಬೇಕಾಗುತ್ತದೆ, ಅದಕ್ಕೂ ಮನೆಯ ಅಂಗಳವೇ ಮೇಲು.

ಆದರೂ ಒಂದು ಕೆಲಸವನ್ನು ಹೊರಗೆ ಕಳಿಸಿದೆವು. ಅದನ್ನು ಮುಂದೆ ಹೇಳುತ್ತೇನೆ.

ಟಯರ್ ಆಯ್ಕೆ

ಹಳೇ ಟಯರಿನ ಮೇಲೆ ಇದ್ದ ಅಳತೆ 90/100-10, ಅದರ ಪಕ್ಕ 53ಜೆ. ಅಗಲ 90 ಮಿ.ಮೀ., ಗೋಡೆಯ ಎತ್ತರ ಅದರ ನೂರಕ್ಕೆ ನೂರು ಭಾಗ, ರಿಮ್ಮಿನ ವ್ಯಾಸ 10 ಇಂಚು. 53 ಎಂದರೆ 206 ಕೆ.ಜಿ. ಹೊರಬಲ್ಲದು, ಜೆ ಎಂದರೆ ಗಂಟೆಗೆ 100 ಕಿ.ಮೀ. ವೇಗದವರೆಗೆ. ಅಕ್ಕನ ಮಗ, ಪಿಯುಸಿ ಓದುವ ಹುಡುಗ, ಅಂಗಡಿಗೆ ಹೋದಾಗ, ಸೈಡ್ ವೀಲ್ ಗಾಡಿಗೆ ದಪ್ಪದ್ದೇ ಇರಲಿ ಎಂದು 100/100-10 ತೋರಿಸಿದ್ದರಂತೆ. ಫೋನ್ ಮಾಡಿದ, ಬೇಡ ಎಂದೆ. ಅದರ ಗೋಡೆ 100 ಮಿ.ಮೀ., ಅಂದರೆ ಚಕ್ರದ ನಡುವಿನಿಂದ ನೆಲಕ್ಕೆ 10 ಮಿ.ಮೀ. ಹೆಚ್ಚು ಎತ್ತರ. ಎಲ್ಲ ಲೆಕ್ಕವೂ ಮಿಲಿಮೀಟರಿನಲ್ಲಿ ನಡೆಯುವ ಈ ಗಾಡಿಗೆ ಅದು ಸಲ್ಲದು, ಎಂಜಿನ್ ಕೇಸಿಗೆ ಉಜ್ಜುವ ಭಯ ಬೇರೆ. ಕಂಪನಿ ಕೊಟ್ಟ ಅಳತೆಯೇ ಬಂತು. ಗೋಡೆಯ ಮೇಲಿನ ನಾಲ್ಕಂಕಿಯ ಸಂಖ್ಯೆಯನ್ನೂ ನೋಡಿಕೊಂಡು ತಾ ಎಂದಿದ್ದೆ. ಮೊದಲ ಎರಡು ಅಂಕಿ ತಯಾರಾದ ವಾರ, ಕೊನೆಯ ಎರಡು ವರ್ಷ. ನಮ್ಮ ಬೇಸಿಗೆಯಲ್ಲಿ ವರ್ಷಗಟ್ಟಲೆ ಗೋಡೌನಿನಲ್ಲಿ ಕೂತ ಟಯರ್ ಗಡುಸಾಗಿರುತ್ತದೆ, ಎಷ್ಟು ಅಗ್ಗವಾದರೂ ಅದು ಬೇಡ. ಟಯರಿನ ಜೊತೆಗೆ ಗಾಳಿ ತುಂಬುವ ಹೊಸ ವಾಲ್ವ್ ನೆಕ್, ಸೈಲೆನ್ಸರ್ ಗ್ಯಾಸ್ಕೆಟ್, ಆಕ್ಸಲಿಗೆ ಹೊಸ ಲಾಕ್ ನಟ್ ತರಿಸಿದೆವು.

ಅಕ್ಕ ಒಂದು ಮಾತು ಕೇಳಿದರು: "ತೆಗ್ದಿದ್ದು ಹಳೇ ಟಯರ್ ಅಂಚು ಚಲೋ ಐತಲ್ಲ ತಮ್ಮಾ, ಬಲಗಡೆ ಸೈಡಿಗೆ ಹಾಕಾಕೆ ಬರಲ್ವಾ?" ಬಹಳ ಮಂದಿ ಹೀಗೆ ಮಾಡುತ್ತಾರೆ. ಬಲಕ್ಕೊಂದು ಎತ್ತರ ಎಡಕ್ಕೊಂದು ಎತ್ತರ ಆದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ, ಬೇಡ ಎಂದು ಬಿಡಿಸಿ ಹೇಳಿದೆ. ಬದಿಯ ಎರಡೂ ಟಯರ್‌ಗಳನ್ನು ಒಟ್ಟಿಗೆ ಬದಲಿಸಬೇಕು, ಇಲ್ಲವೇ ಎರಡನ್ನೂ ಹಾಗೇ ಬಿಡಬೇಕು. ಅವುಗಳಲ್ಲಿ ಇನ್ನೂ ಗೆರೆ ಇದ್ದದ್ದರಿಂದ ಈ ಸಲ ಬಿಟ್ಟೆವು.

ಬಿಚ್ಚಿದ್ದು

ಬೆಳಿಗ್ಗೆ, ಗಾಡಿ ಸ್ಟಾರ್ಟ್ ಮಾಡುವ ಮೊದಲೇ ಕೈ ಹಚ್ಚಿದೆವು. ಸೈಲೆನ್ಸರ್ ತಣ್ಣಗಿರಬೇಕು, ಬಿಸಿ ಸೈಲೆನ್ಸರ್ ಕೈ ಸುಡುತ್ತದೆ. ಸೈಲೆನ್ಸರಿನ ಮುಂದಿನ ಎರಡು ನಟ್ ತುಕ್ಕು ಹಿಡಿದಿದ್ದವು. ಹಿಂದಿನ ರಾತ್ರಿಯೇ ಅವಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಡಲು ಮಗನಿಗೆ ಹೇಳಿದ್ದರಿಂದ ಜಗ್ಗಾಡದೆ ಬಿಟ್ಟುಕೊಂಡವು. ಒಣಗಿದ ನಟ್ಟಿಗೆ ಬಲ ಹಾಕಿ ಸಿಲಿಂಡರ್ ಹೆಡ್ಡಿನ ಸ್ಟಡ್ ಮುರಿದರೆ ಟಯರಿಗಿಂತ ದೊಡ್ಡ ಖರ್ಚು.

ಆಕ್ಸಲ್ ನಟ್ಟನ್ನು ಚಕ್ರ ನೆಲದ ಮೇಲೆ ಇರುವಾಗಲೇ ಸಡಿಲ ಮಾಡಬೇಕು. ಗಾಡಿ ಎತ್ತಿಬಿಟ್ಟರೆ ಚಕ್ರ ನಟ್ಟಿನ ಜೊತೆಗೇ ತಿರುಗುತ್ತದೆ, ಆಗ ಹಾಕುವ ಜೋರಿಗೆ ಗಾಡಿ ಆನಿಸಿದ ಮರದ ದಿಮ್ಮಿಯಿಂದ ಜಾರುವ ಅಪಾಯ ಬೇರೆ. ಮಗ ಎಡಗೈ ಬ್ರೇಕ್ ಬಿಗಿಯಾಗಿ ಹಿಡಿದ, ನಾನು ಬಾಕ್ಸ್ ಪಾನಾಕ್ಕೆ ಉದ್ದ ಹಿಡಿ ಸಿಕ್ಕಿಸಿ ಒಂದು ಸಲ ಕಡಕ್ ಅನ್ನುವಷ್ಟು ತಿರುಗಿಸಿ ಬಿಟ್ಟೆ.

ಇನ್ನು ಎತ್ತುವುದು. ಸೈಡ್ ವೀಲ್ ಜೋಡಿಸುವಾಗ ಈ ಗಾಡಿಯ ಡಬಲ್ ಸ್ಟ್ಯಾಂಡ್ ತೆಗೆದುಹಾಕಿದ್ದಾರೆ. ಎದುರುಮನೆಯವರ ಆಟೋದ ಜಾಕ್ ತಂದು ಅಡ್ಡಪೈಪಿನ ಕೆಳಗೆ ಕೊಟ್ಟು ಎತ್ತಿ, ಪೈಪಿನ ಎರಡೂ ತುದಿಗೆ ಅಗಲವಾದ ಮರದ ದಿಮ್ಮಿ ಒಟ್ಟಿ ಅದರ ಮೇಲೆ ಇಳಿಸಿದೆವು. ಜಾಕ್ ಇರುವುದು ಎತ್ತುವುದಕ್ಕೆ. ಹೊತ್ತು ನಿಲ್ಲುವುದು ದಿಮ್ಮಿಯ ಕೆಲಸ. ಇಟ್ಟಿಗೆ, ಹಾಲೋ ಬ್ಲಾಕ್ ಇಡಬಾರದು, ಒಂದೇ ಜಾಗದಲ್ಲಿ ಭಾರ ಬಿದ್ದರೆ ಸೀಳಿಬಿಡುತ್ತವೆ. ಮುಂದಿನ ಚಕ್ರದ ಹಿಂದೆ ಮುಂದೆ ಕಲ್ಲು ಒತ್ತರಿಸಿ, ಮುಂದಿನ ಬ್ರೇಕ್ ಲಿವರನ್ನು ಹಳೇ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿದೆವು.

ಚಕ್ರ ಹೊರಬರುವುದು ಬಲಕ್ಕೆ. ಅಲ್ಲಿ ಬದಿಚಕ್ರ ಅಡ್ಡ ನಿಂತಿರುತ್ತದೆ. ಅದನ್ನು ಬಿಚ್ಚುವ ಮೊದಲು ಪಟ್ಟಿಯ ಮೇಲೆ ಬೋಲ್ಟ್ ಇದ್ದ ಜಾಗಕ್ಕೆ ಮೊಳೆಯಿಂದ ಗೆರೆ ಎಳೆದುಕೊಂಡೆವು, ಎಡಕ್ಕೂ ಹಾಗೇ. ಎರಡೂ ಗೆರೆಗಳನ್ನು ಅಳೆದಾಗ ಬಲಗಡೆಯ ಚಕ್ರ ಎಡದ್ದಕ್ಕಿಂತ 2 ಮಿ.ಮೀ. ಕೆಳಗಿತ್ತು. ತೂಕದ ಯಂತ್ರ ಬಲಕ್ಕೆ ಹೆಚ್ಚು ತೋರಿಸಿದ್ದು ಅದಕ್ಕೇ. ಹಿಂದಿನ ಬ್ರೇಕಿನ ಹೊಂದಿಸುವ ನಟ್ ಸಡಿಲಿಸಿ, ಆಕ್ಸಲ್ ನಟ್ ಪೂರ್ತಿ ತೆಗೆದು ಚಕ್ರವನ್ನು ಎಳೆದರೆ ಡ್ರಮ್ ಸಮೇತ ಕೈಗೆ ಬಂತು.

ಚಕ್ರ ಕಳಚಿದಾಗಲೇ ನೋಡಬೇಕಾದವು ಕೆಲವಿವೆ. ಬ್ರೇಕ್ ಲೈನರ್ ಸಾಕಷ್ಟು ದಪ್ಪವಿತ್ತು. ಡ್ರಮ್ಮಿನ ಧೂಳನ್ನು ಬಾಯಿಂದ ಊದಬೇಡ ಎಂದು ಹುಡುಗನಿಗೆ ಒತ್ತಿ ಹೇಳಿ ಒದ್ದೆ ಬಟ್ಟೆಯಲ್ಲಿ ಒರೆಸಿದೆವು, ಆ ಧೂಳು ಪುಪ್ಪುಸಕ್ಕೆ ಹೋಗಬಾರದು. ಗೇರ್ ಬಾಕ್ಸಿನ ಸೀಲಿನಿಂದ ಎಣ್ಣೆ ಒಸರಿದ ಗುರುತು ಇರಲಿಲ್ಲ. ಇದ್ದಿದ್ದರೆ ಲೈನರ್ ನೆನೆದು ಬ್ರೇಕೇ ಹಿಡಿಯುತ್ತಿರಲಿಲ್ಲ, ಆಗ ಈ ಪ್ರಕರಣ ಬೇರೆ ದಾರಿ ಹಿಡಿಯುತ್ತಿತ್ತು.

ರಿಮ್ಮಿನಿಂದ ಟಯರ್ ಬಿಡಿಸುವ ಹೊತ್ತು

ಹತ್ತಿಂಚಿನ ಟ್ಯೂಬ್‌ಲೆಸ್ ಟಯರ್ ಸಣ್ಣದು ಎಂದು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಗೋಡೆ ಬಲವಾಗಿರುತ್ತದೆ, ಬೀಡಿಂಗ್, ಅಂದರೆ ಟಯರಿನ ಒಳ ಅಂಚು, ರಿಮ್ಮಿಗೆ ಕಚ್ಚಿ ಕೂತಿರುತ್ತದೆ. ವಾಲ್ವಿನ ಒಳಗಿನ ಪಿನ್ ತೆಗೆದು ಗಾಳಿ ಪೂರ್ತಿ ಬಿಟ್ಟೆವು. ಗೋಣಿಚೀಲ ಮಡಿಸಿ ಹಾಸಿ ಅದರ ಮೇಲೆ ಚಕ್ರ ಮಲಗಿಸಿ, ಒಂದು ಉದ್ದ ಹಲಗೆಯ ತುದಿಯನ್ನು ಮನೆ ಮುಂದಿನ ಕಲ್ಲುಕಟ್ಟೆಯ ಚಾಚಿದ ಅಂಚಿನ ಕೆಳಗೆ ಸಿಕ್ಕಿಸಿದೆವು. ಹಲಗೆಯ ಕೆಳಗೆ, ರಿಮ್ಮಿನ ಅಂಚಿಗೆ ಒತ್ತಿ, ಟಯರಿನ ಗೋಡೆಯ ಮೇಲೆ ಗೇಣುದ್ದದ ಮರದ ತುಂಡು. ಹಲಗೆಯ ಇನ್ನೊಂದು ತುದಿಯನ್ನು ಮಗ ಮೈಭಾರ ಹಾಕಿ ಅದುಮಿದ. ಮೊದಲು ಏನೂ ಆಗಲಿಲ್ಲ. ಸೋಪಿನ ನೀರು ಸುರಿದು, ಚಕ್ರವನ್ನು ನಾಲ್ಕು ಬೆರಳಿನಷ್ಟು ತಿರುಗಿಸಿ ಮತ್ತೆ ಅದುಮಿದಾಗ ಬುಸ್ ಎಂದು ಗೋಡೆ ಒಳಗೆ ಕುಸಿಯಿತು. ಒಂದು ಕಡೆ ಬಿಟ್ಟಿತೆಂದರೆ ಉಳಿದದ್ದು ಸುಲಭ.

ಟಯರ್ ಎಬ್ಬಿಸುವ ಲಿವರ್ ಹಾಕುವಾಗ ಒಂದು ಗುಟ್ಟು ನೆನಪಿಡಬೇಕು. ರಿಮ್ಮಿನ ನಡುವೆ ಸುತ್ತಲೂ ತಗ್ಗು ಇರುತ್ತದೆ. ಲಿವರ್ ಹಾಕಿದ ಜಾಗದ ಎದುರು ಕಡೆಯ ಬೀಡಿಂಗನ್ನು ಮೊಣಕಾಲಿಂದ ಆ ತಗ್ಗಿಗೆ ಒತ್ತಿ ಹಿಡಿದರೆ ಈ ಕಡೆ ಸಡಿಲ ಸಿಗುತ್ತದೆ. ಹಾಗೆ ಮಾಡದೆ ತೋಳಿನ ಬಲವನ್ನೇ ನಂಬಿದರೆ ಬೀಡಿಂಗಿನ ಒಳಗಿನ ತಂತಿ ಹರಿಯುತ್ತದೆ, ಆ ಟಯರ್ ಮತ್ತೆ ಗಾಳಿ ಹಿಡಿಯುವುದಿಲ್ಲ. ತೆಗೆದ ಮೇಲೆ ರಿಮ್ಮಿನ ಅಂಚಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಹೊಸ ನೆಕ್ ಕೂರಿಸಿ, ಗೋಡೆಯ ಮೇಲಿನ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗೆ ಇರುವಂತೆ ನೋಡಿಕೊಂಡು ಹೊಸ ಟಯರ್ ಏರಿಸಿದೆವು.

ಹೊರಗೆ ಕಳಿಸಿದ್ದು ಈ ಘಟ್ಟದಲ್ಲಿ. ಬೀಡಿಂಗ್ ರಿಮ್ಮಿಗೆ ಕಚ್ಚಿ ಕೂರಬೇಕಾದರೆ ಗಾಳಿ ಒಮ್ಮೆಲೇ ನುಗ್ಗಬೇಕು, ಕಾಲಿನ ಪಂಪಿಗೆ ಆ ರಭಸ ಇಲ್ಲ. ಕೆಲವರು ಪೆಟ್ರೋಲ್ ಚಿಮುಕಿಸಿ ಬೆಂಕಿ ಕೊಡುವ ವಿಡಿಯೊ ನೋಡಿ ಅದನ್ನೇ ಮಾಡಲು ಹೋಗುತ್ತಾರೆ. ಮನೆಯ ಅಂಗಳದಲ್ಲಂತೂ ಅದನ್ನು ಕನಸಿನಲ್ಲೂ ಯೋಚಿಸಬಾರದು. ಮಗ ಚಕ್ರವನ್ನು ಗೆಳೆಯನ ಬೈಕಿನಲ್ಲಿ ಇಟ್ಟುಕೊಂಡು ಹೋದ. ಇಡೀ ಗಾಡಿಯನ್ನು ಬೇಡ ಎನ್ನುವ ಅದೇ ಪಂಚರ್ ಅಂಗಡಿ, ಬಿಡಿ ಚಕ್ರ ಕೊಟ್ಟರೆ ಚಹಾ ಕುಡಿಯುವಷ್ಟರಲ್ಲಿ ಮಾಡಿಕೊಡುತ್ತದೆ. ಟಯರಿನ ಗೋಡೆಯಲ್ಲಿ ರಿಮ್ಮಿನ ಸುತ್ತಲೂ ಒಂದು ತೆಳು ಗೆರೆ ಓಡುತ್ತದೆ. ಅದು ಎಲ್ಲ ಕಡೆ ರಿಮ್ಮಿನಿಂದ ಒಂದೇ ದೂರದಲ್ಲಿದೆಯೇ ಎಂದು ನೋಡಿ ತಾ ಎಂದಿದ್ದೆ. ಸರಿಯಾಗಿಯೇ ಕೂತಿತ್ತು. ಮನೆಗೆ ಬಂದ ಮೇಲೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳದ್ದನ್ನು ಖಾತ್ರಿ ಮಾಡಿಕೊಂಡೆವು.

ಜೋಡಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಚ್ಚಿದ ದಾರಿಯಲ್ಲೇ ವಾಪಸು ಬರುವುದು. ಆಕ್ಸಲಿನ ಹಲ್ಲುಗಳಿಗೆ ಗ್ರೀಸನ್ನು ಬೆರಳಿಂದ ಸವರಿದಷ್ಟೇ ಹಚ್ಚಬೇಕು, ಡ್ರಮ್ಮಿಗೆ ತಾಗಬಾರದು. ಹೊಸ ಲಾಕ್ ನಟ್ಟನ್ನು ಗಾಡಿ ನೆಲಕ್ಕಿಳಿದ ಮೇಲೆ, ಬ್ರೇಕ್ ಹಿಡಿದು, ಕಂಪನಿಯ ಕೈಪಿಡಿಯಲ್ಲಿ ಹೇಳಿದ ಅಳತೆಗೆ, ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಲ್ಲೇ ಬಿಗಿಯಬೇಕು. ಇಡೀ ಚಕ್ರ ಆ ಒಂದು ನಟ್ಟಿನ ಮೇಲೆ ನಿಂತಿದೆ, ಇಲ್ಲಿ ಅಂದಾಜು ಬೇಡ.

ಮಟ್ಟ ಕೂರಿಸಿದ್ದು

ಗಾಳಿ ಮೊದಲು. ಹಿಂದಿನ ಚಕ್ರಕ್ಕೆ ಒಬ್ಬರೇ ಸವಾರರಿದ್ದರೆ 29 ಪಿಎಸ್‌ಐ, ಮುಂದಿನದಕ್ಕೆ 22. ಬದಿಯ ಎರಡಕ್ಕೂ ಒಂದೇ ಸಮ. ಗಾಳಿ ಹೆಚ್ಚು ಕಡಿಮೆ ಇಟ್ಟುಕೊಂಡು ಎತ್ತರ ಅಳೆದರೆ ಆ ಅಳತೆಗೆ ಅರ್ಥವೇ ಇಲ್ಲ. ಆಮೇಲೆ ಬದಿಚಕ್ರಗಳನ್ನು ಹಳೇ ಗೆರೆಗೇ ಬಿಗಿದು, ಅಕ್ಕನನ್ನು ಕೂರಿಸಿ ತೂಕ ನೋಡಿದೆವು. ನಡುಚಕ್ರಕ್ಕೆ 48 ಇದ್ದದ್ದು 57 ಆಗಿತ್ತು. ಸುಮಾರು 4 ಮಿ.ಮೀ. ಹೆಚ್ಚಿನ ರಬ್ಬರ್ ಒಂದೇ ಅಷ್ಟು ಮಾಡಿತ್ತು. ಇಲ್ಲಿಗೇ ನಿಲ್ಲಿಸಿದ್ದರೂ ಅಕ್ಕನಿಗೆ ಗಾಡಿ ಸರಿಹೋಯಿತು ಅನಿಸುತ್ತಿತ್ತು. ಟಯರ್ ಸ್ವಲ್ಪ ಸವೆದ ಕೂಡಲೇ ಮತ್ತೆ ಮೊದಲಿನ ಪಾಡು.

ಮೊದಲು ಬದಿಚಕ್ರಗಳನ್ನು ಸಾಕಷ್ಟು ಮೇಲಕ್ಕೆ ಸರಿಸಿದೆ. ಅಕ್ಕ ಕೂತಾಗ ಅವು ನೆಲವನ್ನು ತಾಗಿಯೂ ತಾಗದಂತೆ, ಕೆಳಗಿಟ್ಟ ಪೇಪರ್ ಎಳೆದರೆ ತುಸು ಹಿಡಿದು ಹೊರಬರುವಂತೆ. ನಡುಚಕ್ರಕ್ಕೆ ಭರ್ತಿ ಭಾರ, ಹಿಡಿತಕ್ಕೆ ಇದಕ್ಕಿಂತ ಬೇಕಿಲ್ಲ. ಆದರೆ ಅಕ್ಕ ಅಂಗಳದಲ್ಲಿ ಒಂದು ಸುತ್ತು ಹಾಕಿ ಬಂದು ನಿಲ್ಲಿಸಿ ಹೇಳಿದರು: "ತಮ್ಮಾ, ಗಾಡಿ ಆ ಕಡೆ ಈ ಕಡೆ ಹೊಯ್ದಾಡ್ತೈತಿ. ನಿಂತಾಗ ಬಲಗಾಲು ಊರಾಕೆ ಆಗಲ್ಲ ನಂಗೆ. ಸಿಗ್ನಲ್‌ನಾಗೆ ಹಿಂಗಾದ್ರೆ ಜೀವ ಕೈಯಾಗೆ ಹಿಡ್ಕೊಂಡು ನಿಲ್ಬೇಕು."

ಅವರ ಮಾತೇ ಕೊನೆಯ ಅಳತೆ. ಎರಡು ಕಾಲು ಊರಬಲ್ಲ ನಾನು ಕೂತು ನೋಡಿದರೆ ಆ ಹೊಯ್ದಾಟ ಗೊತ್ತೇ ಆಗುವುದಿಲ್ಲ. ಇಂಥ ಗಾಡಿಯನ್ನು ಮೆಕ್ಯಾನಿಕ್ ಓಡಿಸಿ ನೋಡಿ ಸರಿಯಿದೆ ಎನ್ನುವುದು ತಪ್ಪು, ಓಡಿಸುವವರು ಹೇಳಬೇಕು. ಒಂದೊಂದೇ ಮಿಲಿಮೀಟರ್ ಕೆಳಗಿಳಿಸುತ್ತ, ಪ್ರತಿ ಸಲ ಅವರನ್ನು ಕೂರಿಸಿ ಬಲಕ್ಕೆ ಎಡಕ್ಕೆ ಮೈ ತೂಗಲು ಹೇಳುತ್ತ ಹೋದೆವು. ಅವರಿಗೆ ಧೈರ್ಯ ಬಂದ ಜಾಗದಲ್ಲಿ ನಿಲ್ಲಿಸಿ ತೂಕ ನೋಡಿದರೆ ನಡುಚಕ್ರಕ್ಕೆ 83, ಎಡಕ್ಕೆ 17, ಬಲಕ್ಕೆ 18. ಹಳೇ ಗೆರೆಯಿಂದ ಎಡಚಕ್ರ 11 ಮಿ.ಮೀ., ಬಲಚಕ್ರ 13 ಮಿ.ಮೀ. ಮೇಲೆ ಹೋಗಿತ್ತು. ಹಿಡಿತಕ್ಕೂ ಆಸರೆಗೂ ನಡುವಿನ ಈ ಜಾಗ ಒಬ್ಬೊಬ್ಬರಿಗೆ ಒಂದೊಂದು. ಮೈತೂಕ ಬೇರೆಯಾದರೆ, ಎಡಗಾಲು ಸೋತಿದ್ದರೆ, ಹಿಂದೆ ಸದಾ ಒಬ್ಬರು ಕೂರುವವರಿದ್ದರೆ ಲೆಕ್ಕ ಹೊಸದಾಗಿಯೇ ಮಾಡಬೇಕು. ಅಕ್ಕನ ಅಂಕಿಗಳನ್ನು ಯಾರೂ ತಮ್ಮ ಗಾಡಿಗೆ ಹಾಗೇ ಇಳಿಸಿಕೊಳ್ಳಬಾರದು.

ಸಿಮೆಂಟಿನ ಇಳಿಜಾರಿನ ಮೇಲೆ ಎರಡು ಕೊಡ ನೀರು ಹೊಯ್ದು ಪರೀಕ್ಷೆ. ಅಕ್ಕ ನಿಧಾನವಾಗಿ ಎಕ್ಸಲರೇಟರ್ ಕೊಟ್ಟರು, ಗಾಡಿ ಜಾರದೆ ಹತ್ತಿತು. ಇಳಿಯುವಾಗ ಅರ್ಧದಲ್ಲಿ ಬ್ರೇಕ್ ಹಿಡಿಸಿ ನಿಲ್ಲಿಸಿದೆ, ನಿಂತಿತು. ಮಗ ಕೂಗಿ ಚಪ್ಪಾಳೆ ತಟ್ಟಿದ. ಹೊಸ ಟಯರಿನ ಮೈಮೇಲಿನ ನುಣುಪು ಹೋಗುವ ತನಕ, ಅಂದರೆ ಮೊದಲ ನೂರು ಕಿಲೋಮೀಟರ್‌ನಷ್ಟು, ಒದ್ದೆ ರಸ್ತೆಯಲ್ಲಿ ಜೋರು ಬೇಡ ಎಂದು ಹೇಳಿದೆ. ತಿರುವಿನಲ್ಲಿ ಈ ಗಾಡಿ ವಾಲುವುದಿಲ್ಲವಾದ್ದರಿಂದ ವೇಗ ಹೆಚ್ಚಿದರೆ ಹೊರಗಡೆಗೆ ಮಗುಚುವ ಅಪಾಯ ಮೊದಲಿನಂತೆಯೇ ಇದೆ, ಅದನ್ನು ಯಾವ ಟಯರೂ ಬದಲಿಸುವುದಿಲ್ಲ.

ಆಮೇಲಿನ ನಿಗಾ

ಬದಿಚಕ್ರದ ಬೋಲ್ಟ್‌ಗಳಿಗೆ ಹೊಸ ಲಾಕ್ ನಟ್ ಹಾಕಿ ಬಿಗಿದ ಮೇಲೆ, ನಟ್ಟಿನಿಂದ ಪಟ್ಟಿಯ ತನಕ ಅಕ್ಕನದೇ ಕೆಂಪು ನೇಲ್ ಪಾಲಿಶ್‌ನಿಂದ ನೇರ ಗೆರೆ ಎಳೆದೆವು. ಆಕ್ಸಲ್ ನಟ್ಟಿಗೂ ಹಾಗೇ. ಗೆರೆ ಮುರಿದಿದ್ದರೆ ನಟ್ ತಿರುಗಿದೆ ಎಂದು ಅರ್ಥ, ಪಾನಾ ಹಿಡಿಯದೆ ಕಣ್ಣಿಂದಲೇ ತಿಳಿಯುತ್ತದೆ. ಕೆಲವು ದಿನ ಓಡಿದ ಮೇಲೆ ನೋಡಿದಾಗ ಆಕ್ಸಲ್ ನಟ್ಟಿನ ಗೆರೆ ನೇರವಾಗಿಯೇ ಇತ್ತು. ಎಡಪಟ್ಟಿಯ ಒಂದು ಗೆರೆ ಕೂದಲೆಳೆಯಷ್ಟು ಸರಿದಿತ್ತು. ಹಳೇ ಬಣ್ಣದ ಪದರದ ಮೇಲೆ ಬಿಗಿದದ್ದರಿಂದ ಬಣ್ಣ ಕುಸಿದು ಸಡಿಲವಾಗಿತ್ತು. ಆ ಜಾಗದ ಬಣ್ಣ ಕೆರೆದು, ದಪ್ಪ ವಾಷರ್ ಹಾಕಿ ಮತ್ತೆ ಬಿಗಿದು ಹೊಸ ಗೆರೆ ಎಳೆದೆವು.

ಟಯರಿನ ಗೆರೆಯ ಆಳ ಅರ್ಧಕ್ಕೆ ಬಂದಾಗ ಮಟ್ಟವನ್ನು ಮತ್ತೊಮ್ಮೆ ನೋಡಬೇಕು. ಅದಕ್ಕೆ ಕಾಯದೆ ಭಾನುವಾರ ಭಾನುವಾರ ಮಗನೇ ನಾಲ್ಕೂ ಚಕ್ರದ ಗಾಳಿ ನೋಡುತ್ತಾನೆ, ನಡುಪಟ್ಟಿಯ ಆಳವನ್ನು ಬೆಂಕಿಕಡ್ಡಿ ಇಳಿಸಿ ಉಗುರಿನಿಂದ ಗುರುತು ಮಾಡಿ ಅಳೆಯುತ್ತಾನೆ. ಅಳತೆ ಬರೆದಿಡುವುದು ಅಕ್ಕನ ಗಿರಾಕಿಗಳ ಪುಸ್ತಕದ ಕೊನೆಯ ಹಾಳೆಯಲ್ಲಿ. ಪಟ್ಟಿಯ ತೂತಿನಲ್ಲಿ ಬದಿಚಕ್ರಗಳನ್ನು ಇನ್ನೂ 5 ಮಿ.ಮೀ. ಮೇಲೆ ಸರಿಸಲು ಜಾಗ ಉಳಿದಿದೆ, ಈ ಟಯರ್ ಮುಗಿಯುವ ತನಕ ಅಷ್ಟು ಸಾಕಾಗುತ್ತದೆ.